ಚಂದ್ರಬಾಳೆಯ ಚೊಚ್ಚಲ ಗೊನೆ

ಬಾಳೆ ಬೆಳೆಸುವುದಕ್ಕೆ ಬುದ್ಧಿಯೂ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಗುಂಡಿ ತೋಡು, ಕಂದು ನೆಡು, ನೀರು ಹೊಯ್ಯಿ, ಹಣ್ಣು ತಿನ್ನು. ಇಷ್ಟೇ ತಾನೆ! ನಾವುಂದದಲ್ಲಿ ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ ಮಾಸ್ತರನಿಗೆ ಇದೆಂಥ ಬ್ರಹ್ಮವಿದ್ಯೆ?

ಆದರೆ ನನ್ನ ಮಾವಯ್ಯನಿಗೆ ಬಾಳೆಯೆಂದರೆ ಬ್ರಹ್ಮವಿದ್ಯೆಯೇ. ನನ್ನ ಹೆಂಡತಿ ಗಿರಿಜೆಯ ತಂದೆ ಅವರು, ಬ್ರಹ್ಮಾವರದ ಕಡೆಯವರು. ತಮ್ಮ ತೋಟದಲ್ಲಿ ಇಲ್ಲದ ಬಾಳೆ ಇಲ್ಲ, ತಾವು ತಿನ್ನದ ಬಾಳೆ ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂಬುದು ಅವರೇ ಹೊರಡಿಸಿದ ಪ್ರಕಟಣೆ. ಮನುಷ್ಯರನ್ನೂ ಅವರು ಬಾಳೆಯ ಜಾತಿಯಿಂದಲೇ ಅಳೆಯುತ್ತಿದ್ದರು. ಸಣ್ಣ ಆಳು, ಸಿಹಿ ಮಾತು, ಅಂಥವರು ಪುಟ್ಟಬಾಳೆ. ಸದಾ ದೇವಸ್ಥಾನದಲ್ಲೇ ಇರುವವರು ಕದಳಿ. ಬೇಯಿಸದೆ ಮೆತ್ತಗಾಗದವರು ನೇಂದ್ರ. ಮದುವೆಯಾದ ಹೊಸದರಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುಂಬಿದ ಚಾವಡಿಯಲ್ಲಿ ತೀರ್ಪು ಕೊಟ್ಟರು.

"ಕಲ್ಲುಬಾಳಿ!"

ಕಲ್ಲುಬಾಳೆ ಕಾಡಿನದು. ನೋಡಲು ಚೆಂದ. ಸುಲಿದು ಬಾಯಿಗಿಟ್ಟರೆ ಒಳಗೆಲ್ಲ ಹಲ್ಲು ಮುರಿಯುವ ಬೀಜ!

ಅಷ್ಟಕ್ಕೇ ಬಿಡಲಿಲ್ಲ. ಮಗಳನ್ನು ಕಳಿಸಿಕೊಡುವಾಗ ಎಲ್ಲರ ಎದುರು ಇನ್ನೊಂದು ಮಾತು ಆಡಿದರು. "ಹೆಣೆ, ನಿನ್ನ ಗಂಡನ ಹಿತ್ಲಲ್ ಹೊಯ್ಗಿ ಬಿಟ್ರೆ ಎಂತ ಇತ್ತ್? ಅಲ್ಲೊಂದ್ ಬಾಳಿಕೊನಿ ಆದ ದಿನ ನಾನ್ ಬಂದ್ ಊಟ ಮಾಡ್ತೆ. ಅಲ್ಲಿವರಿಗ್ ಇಲ್ಲೆ!"

ನಮ್ಮ ಹಿತ್ತಲಲ್ಲಿ ಬರೀ ಮರಳು ಎಂಬುದು ನಿಜವೇ, ಉಳಿದದ್ದು ತಮಾಷೆಗೆ ಆಡಿದ ಮಾತೇ ಇರಬೇಕು. ಆದರೆ ಮಾವಯ್ಯ ಮಾತಿಗೆ ತಪ್ಪುವವರಲ್ಲ, ತಮಾಷೆಯ ಮಾತಿಗೂ ತಪ್ಪುವವರಲ್ಲ. ಆರು ವರ್ಷವಾದರೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಗಿರಿಜೆ ತವರಿಗೆ ಹೋಗಿ ಬರುತ್ತಿದ್ದಳು, ಅದರಲ್ಲಿ ಕೊರತೆಯಿಲ್ಲ. ಆದರೆ ಅಕ್ಕಪಕ್ಕದ ಮನೆಗೆ ಅವರವರ ಅಪ್ಪಂದಿರು ಬಂದು ಕೂತು ಎಲೆಯಡಿಕೆ ಹಾಕುವುದನ್ನು ಕಂಡಾಗ ಅವಳ ಮುಖ ಸಣ್ಣದಾಗುತ್ತಿತ್ತು. ಕುಂದಾಪುರದ ಕಡೆಯಿಂದ ಬರುವ ಬಸ್ಸು ನಿಂತ ಸದ್ದಾದರೆ ಕೈಯಲ್ಲಿದ್ದ ಸೌಟು ಕ್ಷಣ ತಡೆಯುತ್ತಿತ್ತು. ಅವಳಿಗೆ ಬೇಕಾದದ್ದು ಬಾಳೆಹಣ್ಣಲ್ಲ. ಅಪ್ಪಯ್ಯ ಒಮ್ಮೆ ಬಂದು ಅವಳ ಕೈಯಡುಗೆ ಉಣ್ಣಬೇಕು. ಅಷ್ಟೇ. ಅದನ್ನು ಕಂಡು ನನಗೂ ಸಂಕಟವಾಗುತ್ತಿತ್ತು.

ಪ್ರಯತ್ನ ಪಡಲಿಲ್ಲವೆಂದಲ್ಲ. ಪುಟ್ಟಬಾಳೆ ನೆಟ್ಟೆ, ಕಡಲಿನ ಉಪ್ಪುಗಾಳಿಗೆ ಕರಟಿತು. ಮೈಸೂರು ಬಾಳೆ ನೆಟ್ಟೆ, ಯಾರದೋ ಎಮ್ಮೆ ಬಂದು ಬುಡಸಮೇತ ತಿಂದು ನನ್ನ ಮುಖ ನೋಡಿ ಹೋಯಿತು.

ಹಾಗಿರುವಾಗ ಕೊಚ್ಚಿ ಕಡೆಯ ಹೋಟೆಲಿನಲ್ಲಿದ್ದ ನನ್ನ ಸ್ನೇಹಿತ ಸಂಜೀವ ರಜೆಗೆ ಬಂದ. ಗೋಣಿಯಲ್ಲಿ ಸುತ್ತಿದ ಒಂದು ಕಂದನ್ನು ಅಂಗಳದಲ್ಲಿ ಇಳಿಸಿ, "ಚಂದ್ರಬಾಳಿ ಮರಾಯ! ಕೆಂಪ್ ಹಣ್ಣ್! ಈ ಬದಿಯಲ್ ಯಾರ ಹತ್ರವೂ ಇಲ್ಲೆ" ಅಂದ.

ಕೆಂಪು ಬಾಳೆಹಣ್ಣು! ಮಾವಯ್ಯನ ತೋಟದಲ್ಲಿ ಇದೊಂದು ಇಲ್ಲ!

"ಇದ್ ಹಣ್ಣಾದ್ದ್ ಗೊತ್ತಾಪುದ್ ಹ್ಯಾಂಗಂದ್ರೆ..." ಎಂದು ಸಂಜೀವ ಶುರು ಮಾಡಿದ.

ನಾನು ಕೈಯೆತ್ತಿ ತಡೆದೆ. "ಕೆಂಪಾರೆ ಹಣ್ಣ್! ಒಂದನೇ ಕ್ಲಾಸಿನ ಮಕ್ಳೂ ಹೇಳ್ತೊ. ಮಾಷ್ಟ್ರಿಗೆ ಪಾಠ ಮಾಡ್ಬೇಡ, ಚಾ ಕುಡಿ."

ಅವನು ಚಾ ಕುಡಿದು ಹೋದ. ನನ್ನ ಜೀವಮಾನದಲ್ಲಿ ನಾನು ತಡೆದ ಅತ್ಯಂತ ಉಪಯುಕ್ತ ವಾಕ್ಯ ಅದು.

ಕಂದು ನೆಟ್ಟದ್ದೇ ಮೀನು ಮಾರುವ ಚಿಕ್ಕು ಗೊಬ್ಬರಕ್ಕೆಂದು ಒಂದು ಬುಟ್ಟಿ ಹಾಳಾದ ಮೀನು ತಂದು ಸುರಿದಳು. ಅಂದು ಸಂಜೆ ಊರಿನ ನಾಯಿಗಳೆಲ್ಲ ಸೇರಿ ಬಾಳೆಯ ಬುಡವನ್ನು ಬಗೆದವು. ಮತ್ತೆ ನೆಟ್ಟೆ. ಮತ್ತೆ ಬಗೆದವು. ಕೊನೆಗೆ ಮುಳ್ಳಿನ ಬೇಲಿ ಕಟ್ಟಿ, ರಜೆಯ ದಿನಗಳಲ್ಲಿ ಕೋಲು ಹಿಡಿದು ಸ್ವತಃ ಕಾವಲಿಗೆ ಕೂತೆ. ಹಬ್ಬದ ದಿನ ಎಲೆ ಕೊಯ್ಯಲು ಕತ್ತಿ ಹಿಡಿದು ಬಂದ ಗಿರಿಜೆಯನ್ನೂ ತಡೆದೆ.

"ಬಾಳಿ ಇದ್ದ ಮನಿಯಲ್ ಹಬ್ಬದ್ ದಿನ ಬಟ್ಲಲ್ ಉಂಬುದಾ?" ಎಂದಳು.

"ಒಂದ್ ಎಲಿ ಹೋರೆ ಒಂದ್ ಚಿಪ್ಪ್ ಹಣ್ಣ್ ಕಡ್ಮಿ!" ಎಂದೆ. ಬಟ್ಟಲಲ್ಲೇ ಉಂಡೆವು.

ಒಂದೂವರೆ ವರ್ಷ ಹೀಗೆ ಕಳೆಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಗೊನೆ ಹೊರಬಂದಿದೆ! ನಾನು ಕೂಗಿದ ಕೂಗಿಗೆ ಗಿರಿಜೆ ಹಾವು ಬಂತೆಂದು ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಓಡಿಬಂದಳು. ಹಾವಲ್ಲ, ಗೊನೆ! ಕಿರುಬೆರಳಿನಷ್ಟಿದ್ದ ಕಾಯಿಗಳು ಹುಟ್ಟುವಾಗಲೇ ಕೆಂಪು! ನಾನೂ ಅವಳೂ ಕೈಕೈ ಹಿಡಿದುಕೊಂಡು ಅಂಗಳದಲ್ಲಿ ಕುಣಿದೆವು. ಮಾಸ್ತರನಾದವನು ಕುಣಿಯಬಾರದು. ಆದರೂ ಕುಣಿದೆ.

ಸುದ್ದಿ ಬೈಂದೂರಿನವರೆಗೆ ಹೋಯಿತು. ನೋಡಲು ಬಂದವರನ್ನೆಲ್ಲ ನಾನು ಬೇಲಿಯ ಹೊರಗೆ ನಿಲ್ಲಿಸಿ ವಿವರಣೆ ಕೊಟ್ಟೆ. ಚಿಕ್ಕು ಮಾತ್ರ ದಿನಾ ಬುಟ್ಟಿ ಇಳಿಸಿ ಒಂದೇ ಮಾತು ಹೇಳುತ್ತಿದ್ದಳು. "ಹ್ವಾಯ್ ಮಾಷ್ಟ್ರೆ, ಹಣ್ಣಾಯಿತ್ತಲೆ! ಕಡಿನಿ! ಕಾಕಿ ಪಾಲಾಪುಕೆ ಬಿಡ್ಬೇಡಿ!"

ವಿಚಿತ್ರವೆಂದರೆ ಒಂದು ಕಾಗೆಯೂ ಆ ಗೊನೆಯ ಹತ್ತಿರ ಸುಳಿಯಲಿಲ್ಲ. ಬಾವಲಿಯೂ ಇಲ್ಲ. ಮೂರು ತಿಂಗಳಾಗುವ ಹೊತ್ತಿಗೆ ಕಾಯಿಗಳು ಕೈ ತುಂಬುವಷ್ಟಾಗಿ, ಬಣ್ಣ ಇನ್ನೂ ಗಾಢವಾಯಿತು. ನನಗೆ ತಡೆಯಲಾಗಲಿಲ್ಲ.

ಗಿರಿಜೆ ಒಂದು ಕಾಯಿಯ ಏಣುಗಳನ್ನು ಬೆರಳಿನಿಂದ ಸವರಿ ನೋಡಿದಳು. "ಮೂಲಿ ಇನ್ನೂ ಸಮ ತುಂಬ್ಲಿಲ್ಲ ಕಾಣಿ. ಕಾಕಿಯೂ ಮುಟ್ಲಿಲ್ಲ. ಹಣ್ಣಾಯಿರೆ ಕಾಕಿ ಬಿಡ್ತಿತ್ತಾ?"

"ನಮ್ಮೂರ್ ಕಾಕಿ ಜನ್ಮದಲ್ ಕೆಂಪ್ ಬಾಳಿಹಣ್ಣ್ ಕಂಡಿತ್ತಾ? ಹೆದ್ರಿಕಂಡಿತ್!" ಎಂದೆ.

ಅಂದೇ ಮಾವಯ್ಯನಿಗೆ ಕಾರ್ಡು ಬರೆದೆ. ಮೂರು ಸಲ ಕರಡು ಮಾಡಿ ತಿದ್ದಿದ ಕಾರ್ಡು. "ಪೂಜ್ಯ ಮಾವಯ್ಯನವರ ಪಾದಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಹೊಯ್ಗೆಯೆಂದು ಕರೆದ ನೆಲದಲ್ಲಿ ಚಂದ್ರಬಾಳೆಯು ಫಲಿಸಿ ಪಕ್ವಗೊಂಡಿರುತ್ತದೆ. ಬರುವ ಭಾನುವಾರ ಮಧ್ಯಾಹ್ನದ ಊಟಕ್ಕೆ ದಯಮಾಡಿಸಿ ತಮ್ಮ ಮಾತನ್ನು ಉಳಿಸಿಕೊಳ್ಳಬೇಕಾಗಿ ವಿನಂತಿ." 'ಪಕ್ವಗೊಂಡಿರುತ್ತದೆ' ಎಂಬಲ್ಲಿ ಎರಡು ಗೆರೆ ಎಳೆದೆ. ಮಕ್ಕಳ ಉತ್ತರದಲ್ಲಿ ಮುಖ್ಯವಾದ ತಪ್ಪಿಗೆ ನಾನು ಎರಡು ಗೆರೆ ಎಳೆಯುವುದು ವಾಡಿಕೆ!

ಭಾನುವಾರ ಬಂತು. ಮಾವಯ್ಯನೂ ಬಂದರು! ಹೊಸ ಬಿಳಿ ಜುಬ್ಬ, ಹೆಗಲಿಗೆ ಶಾಲು, ಕೈಯಲ್ಲಿ ಕೊಡೆ. ಗಿರಿಜೆ ಬೆಳಗಿನಿಂದ ಅಂಗಳವನ್ನು ಮೂರು ಸಲ ಗುಡಿಸಿದ್ದಳು. ಕಾಲು ತೊಳೆಯಲು ನೀರು ಕೊಟ್ಟವಳು ನಗುತ್ತಾ ನಿಂತಳು.

ಮಾವಯ್ಯ ಕೂರಲಿಲ್ಲ. "ಮೊದ್ಲ್ ಕೊನಿ ಕಾಂಬ" ಎಂದು ಸೀದಾ ಹಿತ್ತಲಿಗೆ ನಡೆದರು. ಗೊನೆ ಕಂಡದ್ದೇ ಅವರ ಕಣ್ಣು ಅರಳಿ, ಬಾಯಿ ತೆರೆದು ಹಾಗೇ ನಿಂತಿತು. ಇವರು ಇದನ್ನು ಹಿಂದೆಂದೂ ಕಂಡಿಲ್ಲ! ನನಗೆ ಆದ ಸಂತೋಷ ಹೇಳತೀರದು. ಆದರೆ ಮರುಗಳಿಗೆ ಬಾಯಿ ಮುಚ್ಚಿ, ಗಂಟಲು ಸರಿಮಾಡಿಕೊಂಡು, "ಹ್ಞಾಂ, ಚಂದ್ರಬಾಳಿ. ನಾನ್ ಸುಮಾರ್ ಸಲ ತಿಂದಿದ್ದೆ" ಅಂದರು.

ಗೊನೆ ಕಡಿದೆ. ಮೊದಲ ಚಿಪ್ಪು ದೇವರಿಗೆ ಹೋಯಿತು. ದೇವರು ಏನೂ ಹೇಳಲಿಲ್ಲ. ಎರಡನೆಯ ಚಿಪ್ಪನ್ನು ಹರಿವಾಣದಲ್ಲಿಟ್ಟು ಮಾವಯ್ಯನ ಮುಂದಿಟ್ಟೆ.

ಅವರು ಒಂದನ್ನು ಎತ್ತಿಕೊಂಡು ಸುಲಿಯಲು ನೋಡಿದರು. ಸಿಪ್ಪೆ ಬರಲಿಲ್ಲ. ಉಗುರು ಹಾಕಿದರು. ಉಗುರು ನೊಂದಿತು, ಸಿಪ್ಪೆ ಬರಲಿಲ್ಲ.

ಆಗಲೇ ನನಗೆ ಸಂಶಯ ಹತ್ತಿತು. ಆದರೆ ಇಂಥ ಹೊತ್ತಿನಲ್ಲೇ ನಮ್ಮ ನಾಲಿಗೆಗೆ ರೆಕ್ಕೆ ಬರುವುದು. "ಇದ್ರ್ ಸಿಪ್ಪಿ ಕತ್ತಿಯಲ್ಲೇ ತೆಗೂಕ್ ಮಾವಯ್ಯ. ಜಾತಿ ಗುಣ" ಎಂದೆ.

"ನಂಗ್ ಗೊತ್ತಿಲ್ಯಾ?" ಎಂದರು. ಕತ್ತಿ ಬಂತು. ಸಿಪ್ಪೆಯ ಜೊತೆ ಸೊನೆಯೂ ಬಂತು, ತೊಟತೊಟನೆ ಹೊಸ ಜುಬ್ಬದ ಎದೆಯ ಮೇಲೆ! ಬಾಳೆಯ ಕಲೆ ಹೋಗುವುದು ಬಟ್ಟೆಯ ಜೊತೆಗೇ ಎಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಇಬ್ಬರೂ ಕಂಡೆವು, ಇಬ್ಬರೂ ಕಾಣದವರಂತೆ ಕೂತೆವು.

ಮಾವಯ್ಯ ಕಚ್ಚಿದರು. ನಾನೂ ಕಚ್ಚಿದೆ. ಹಸಿ ಕಾಯಿ! ಒಗರೆಂದರೆ ಒಗರು! ನಾಲಿಗೆ ಅಂಗುಳಕ್ಕೆ ಅಂಟಿ ಕೂತಿತು.

ಸತ್ಯ ಹೇಳಿಬಿಡಬಹುದಿತ್ತು. ಆದರೆ ಹಣ್ಣಲ್ಲವೆಂದು ಒಪ್ಪಿದರೆ ಅವರ ಷರತ್ತು ಪೂರೈಸಲಿಲ್ಲ. ಷರತ್ತು ಪೂರೈಸದಿದ್ದರೆ ಊಟವಿಲ್ಲ, ಕೊಡೆ ಎತ್ತಿಕೊಂಡು ಮುಂದಿನ ಬಸ್ಸು! ಒಳಗೆ ಗಿರಿಜೆ ಒಗ್ಗರಣೆ ಹಾಕುವ ಸದ್ದು ಕೇಳುತ್ತಿತ್ತು. ಅವಳ ಆರು ವರ್ಷ ಆ ಬಾಣಲೆಯಲ್ಲಿ ಇತ್ತು. ನಾನು ನುಂಗಿದೆ.

"ಹ್ಯಾಂಗಿತ್ತ್ ಮಾವಯ್ಯ?"

ತಾನು ಸುಮಾರು ಸಲ ತಿಂದ ಹಣ್ಣನ್ನು ಕಾಯಿ ಎಂದು ಅವರಾದರೂ ಹೇಗೆ ಹೇಳಿಯಾರು? ಕಣ್ಣಲ್ಲಿ ನೀರು ತುಂಬಿಕೊಂಡು, "ಇದೇ... ಇದೇ ರುಚಿ. ಒಂಚೂರ್ ಒಗರಿರ್ಕ್" ಎಂದರು.

"ಇನ್ನೊಂದ್ ತಕಣಿ."

"ನೀವೂ ತಕಣಿ ಮಾಷ್ಟ್ರೆ."

ಅವರು ಎರಡನೆಯದು ತಿಂದರು. ನಾನು ಎರಡು ತಿಂದೆ. ಅವರು ಮೂರು ತಿಂದರು. ನಾನು ಮೂರು ಮುಗಿಸಿ ನಾಲ್ಕನೆಯದಕ್ಕೆ ಕತ್ತಿ ಹಾಕಿದೆ! ಇಬ್ಬರ ಮಾತೂ ನಿಂತುಹೋಗಿತ್ತು. ಬರೀ ತಲೆಯಾಡಿಸಿ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಿದ್ದೆವು.

ಅಷ್ಟರಲ್ಲಿ ಗಿರಿಜೆ ಹೊರಗೆ ಬಂದಳು. ನಮ್ಮಿಬ್ಬರ ಮುಖ ನೋಡಿದಳು, ಜುಬ್ಬ ನೋಡಿದಳು, ಹರಿವಾಣದಿಂದ ಒಂದನ್ನು ಎತ್ತಿ ಒತ್ತಿ ನೋಡಿದಳು.

"ಅಪ್ಪಯ್ಯ, ಇದ್ ಕಾಯಿ."

ಮಾವಯ್ಯನಿಗೆ ಹೋದ ಜೀವ ಬಂದಂತಾಯಿತು. "ಕಾಯಿಯೇ ಹೆಣೆ! ನಂಗ್ ಆಗಳೇ ಗೊತ್ತಾಯಿತ್. ಇವ್ರ್ ಬಿಡ್ಲೇ ಇಲ್ಲ ಕಾಣ್!" ಎಂದು ಒಂದು ತಂಬಿಗೆ ನೀರನ್ನು ಗಟಗಟನೆ ಕುಡಿದು, ಗೋಡೆಗೆ ಒರಗಿಸಿದ್ದ ಕೊಡೆಯ ಕಡೆ ಕೈಚಾಚಿದರು. "ಹಣ್ಣಾಯ್ಲಿಲ್ಲ ಅಂದ್ಮೇಲೆ ಮಾತ್ ಮಾತೇ. ನಾನ್ ಬತ್ತೆ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗಿರಿಜೆ ಮಾತ್ರ ಕೊಡೆಯನ್ನು ತಾನೇ ಎತ್ತಿಕೊಂಡು ಬೆನ್ನ ಹಿಂದೆ ಹಿಡಿದಳು.

"ನೀವ್ ಅಂದದ್ದ್ ಕೊನಿ ಆದ ದಿನ ಅಂದ್. ಹಣ್ಣಾದ ದಿನ ಅಂದ್ ಹೇಳಿರ್ಯಾ? ಕೊನಿ ಆಯಿತ್ತಾ ಇಲ್ಯಾ?"

ಮಾವಯ್ಯ ಗೊನೆಯನ್ನು ನೋಡಿದರು. ಆಗಿರುವುದು ಗೊನೆಯೇ.

"ಕಾಯಾರೆ ಎಂತ? ಪಲ್ಯ ಮಾಡ್ತೆ. ಕೂಕಣಿ" ಎಂದಳು ಗಿರಿಜೆ. ಧ್ವನಿ ಜೋರಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿತ್ತು. ಮಾವಯ್ಯ ಮಗಳ ಮುಖ ನೋಡಿ ಮೆಲ್ಲಗೆ ಕೂತರು.

ಅಂದು ನಾನು ಕಾವಲು ಕಾದ ಬಾಳೆಯ ಎಲೆಗಳನ್ನು ಮೊದಲ ಸಲ ಕೊಯ್ದೆವು. ಚಂದ್ರಬಾಳೆಯ ಎಲೆಯ ಮೇಲೆ ಚಂದ್ರಬಾಳೆಯ ಕಾಯಿಯ ಪಲ್ಯ! ಮೇಲೆ ಧಾರಾಳ ತೆಂಗಿನತುರಿ. ಮಾವಯ್ಯ ಮೊದಲ ತುತ್ತನ್ನು ಮೆಲ್ಲಗೆ ಅಗಿದರು. ಆಮೇಲೆ, "ನಿನ್ನ ಅಬ್ಬಿ ಮಾಡದ್ ಹಾಂಗೇ ಇತ್ತಲ್ಲ ಹೆಣೆ" ಎಂದರು. ಗಿರಿಜೆಯ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ಮೂರು ಸಲ ಹಾಕಿಸಿಕೊಂಡು ಉಂಡರು. ಗಿರಿಜೆ ಬಡಿಸಿದ್ದೇ ಬಡಿಸಿದ್ದು.

ಎಲೆಯಡಿಕೆ ಹಾಕುವಾಗ ಅವಳು ಕೇಳಿದಳು. "ಅಪ್ಪಯ್ಯ, ಈಗಳ್ ಹೇಳಿ, ಇವ್ರ್ ಯಾವ್ ಬಾಳಿ?"

ಮಾವಯ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಲ್ಲುಬಾಳಿ ಅಲ್ಲ. ಇವ್ರ್ ಚಂದ್ರಬಾಳಿ!"

ಬಡ್ತಿ! ಆರು ವರ್ಷದ ಮೇಲೆ ಬಡ್ತಿ! ಆ ಸಂಭ್ರಮದಲ್ಲಿ ಉಳಿದ ಗೊನೆಯನ್ನು ಪೂರ್ತಿ ಅವರಿಗೇ ಕಟ್ಟಿಕೊಟ್ಟು, ಬಸ್ಸಿನ ಮೇಲೆ ನಾನೇ ಹತ್ತಿ ಇಟ್ಟು ಬಂದೆ. ಮರುದಿನದಿಂದ ಸಿಕ್ಕಿದವರಿಗೆಲ್ಲ ಹೇಳಿದೆ. ಶಾಲೆಯಲ್ಲಿ ಹೇಳಿದೆ, ಅಂಚೆಯವನಿಗೆ ಹೇಳಿದೆ, ಚಿಕ್ಕುವಿಗೆ ಎರಡು ಸಲ ಹೇಳಿದೆ. ಮಾವಯ್ಯನ ಬಾಯಲ್ಲಿ ಚಂದ್ರಬಾಳೆ ಅನ್ನಿಸಿಕೊಂಡ ಅಳಿಯ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ!

ಹದಿನೈದು ದಿನ ಕಳೆದು ಕಾರ್ಡು ಬಂತು. ಗಿರಿಜೆ ಗಟ್ಟಿಯಾಗಿ ಓದಿದಳು.

"ಗೊನೆಯನ್ನು ಹಣ್ಣಾಗಲೆಂದು ಹುಲ್ಲಿನಲ್ಲಿ ಮುಚ್ಚಿಟ್ಟಿದ್ದೆ. ಈಗ ಹಣ್ಣಾಯಿತು. ಇಂಥ ರುಚಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ."

"ಕಾಣ್! ಸುಮಾರ್ ಸಲ ತಿಂದಿದ್ದೆ ಅಂದಿದ್ರಲ್ಲ!" ಎಂದು ನಾನು ಹಾರಿದೆ.

"ಮನೆಯವರು, ನೆರೆಯವರು ಎಲ್ಲರೂ ತಿಂದು ಹೊಗಳಿದರು. ಒಂದೂ ಉಳಿಯಲಿಲ್ಲ. ಮುಂದಿನ ತಿಂಗಳು ಊಟಕ್ಕೆ ಬರುತ್ತೇನೆ, ಒಂದು ಕಂದು ತೆಗೆದಿಡುವುದು."

ಒಂದೂವರೆ ವರ್ಷ ನಾಯಿ ಕಾದವನು ನಾನು! ಬಟ್ಟಲಲ್ಲಿ ಉಂಡವನು ನಾನು! ಹಸಿ ಕಾಯಿ ನಾಲ್ಕು ನುಂಗಿದವನು ನಾನು! ಹಣ್ಣು ಬ್ರಹ್ಮಾವರಕ್ಕೆ! ಆದರೂ ಬಡ್ತಿಯಾದರೂ ನನ್ನ ಪಾಲಿಗೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಗಿರಿಜೆ ಕಾರ್ಡಿನ ಅಂಚಿನಲ್ಲಿ ಬರೆದಿದ್ದ ಸಣ್ಣ ಅಕ್ಷರ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಓದ್!" ಎಂದೆ.

"ಅಳಿಯಂದಿರಿಗೆ ಚಂದ್ರಬಾಳೆಯೆಂಬ ಹೆಸರನ್ನು ಕಾಯಂ ಮಾಡಿದ್ದೇನೆ. ಹೊರಗಿನ ಬಣ್ಣ ನೋಡಿ ಹಣ್ಣಾಗಿದೆಯೆಂದು ನಂಬುವ ಹಾಗಿಲ್ಲ."

ಸಂಜೆಯವರೆಗೂ ನಾನು ಬಾಳೆಯ ಬುಡದಲ್ಲಿ ಕೂತೆ. ಬೇಲಿಯ ಮೇಲೆ ಒಂದು ಕಾಗೆ ಬಂದು ಕೂತು, ನನ್ನನ್ನು ಒಮ್ಮೆ ನೋಡಿ ಹಾರಿಹೋಯಿತು. ಒಳಗಿನಿಂದ ಗಿರಿಜೆ ಕೂಗಿದಳು.

"ಹ್ವಾಯ್! ಅಟ್ಟದಿಂದ ಒಂಚೂರ್ ಹುಲ್ಲ್ ತರ್ಲಾ?"