ಹೆಮ್ಮಿಗೆಯಲ್ಲಿ ಮಾಂತ್ರಿಕನ ಅರಮನೆ

“ಇಲ್ಲಿಂದ ಆ ಹುಣಸೆಮರದವರೆಗೂ ಕಪ್ಪು ಸರೋವರ. ದಿಬ್ಬದ ಮೇಲೆ ಮಾಂತ್ರಿಕನ ಅರಮನೆ,” ಎಂದು ಮೊಬೈಲಿಗೆ ಹೇಳುತ್ತ ಅಮೃತೇಶ್ ಕೈ ಚಾಚಿದ. ಆ ಕೈಯನ್ನು ಯಾರೋ ಹಿಂದಿನಿಂದ ಹಿಡಿದರು.

“ಯಾರ್ನ ಕೇಳಿ ನನ್ನೊಲ ಮುಳುಗಿಸ್ತಿದ್ದೀಯಪ್ಪ?”

ಕುಡುಗೋಲು ಹಿಡಿದ ಮರಿತಾಯಮ್ಮ.

“ಕಾದಂಬರಿ ಕಣಮ್ಮ, ಸುಳ್ಳು ಕತೆ.”

“ರಸ್ತೆಗೆ ಜಮೀನು ಕಿತ್ಕೊಂಡೋರೂ ಇಂಗೇ ಕೈ ತೋರ್ಸಿದ್ರು.”

ಇದಕ್ಕೆಲ್ಲ ಕಾರಣ ಜಗನ್. ನಂಜನಗೂಡಿನ ಆಫೀಸಿನಲ್ಲಿ ಪಕ್ಕದ ಮೇಜಿನವನು. ಅವನ ಮಾಯಾಲೋಕದ ಕಾದಂಬರಿಯನ್ನು ಪ್ರಕಾಶಕ ರಾಜೇಂದ್ರ ಒಪ್ಪಿದ್ದರು. ಅದರಲ್ಲಿ ಮೂವತ್ತು ಪುಟ ಬರೀ ಕಾಡು! ಅಮೃತೇಶನಿಗೋ, “ನಿಮ್ಮ ರಾಜಕುಮಾರಿ ಓಡ್ತಾಳೆ, ಎಲ್ಲಿ ಓಡ್ತಾಳೆ ಅನ್ನೋದೇ ಕಾಣಲ್ಲ. ಪ್ರಕೃತಿ ವರ್ಣನೆ ತನ್ನಿ, ನೋಡೋಣ” ಎಂದಿದ್ದರು. ಅಂದಿನಿಂದ ಜಗನ್ ಊಟದ ಡಬ್ಬಿ ತೆಗೆದರೂ ಅಮೃತೇಶನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಆ ವರ್ಣನೆ ಹುಡುಕಿಕೊಂಡೇ ಇವತ್ತು ಹೆಮ್ಮಿಗೆಯ ಹೊಲಗಳಿಗೆ ಬಂದಿದ್ದ.

“ಕೆರೆ ಬೇಕಾದ್ರೆ ಕಲ್ಲಯ್ಯನ ಗದ್ದೆಗೆ ಆಕು,” ಎಂದಳು ಮರಿತಾಯಮ್ಮ.

ಪಕ್ಕದ ಗದ್ದೆಯಿಂದ ಕಲ್ಲಯ್ಯ ಓಡಿ ಬಂದ. “ಕೆರೆ ಬ್ಯಾಡಿ ಸಾ, ಅರಮನೆ ಕೊಡಿ. ಪರಿಹಾರ ಜಾಸ್ತಿ ಬತ್ತದೆ.”

“ಅಲ್ಲಿ ರಾಕ್ಷಸ ಇದ್ದಾನೆ.”

“ಬಾಡಿಗೆ ಕೊಡ್ತಾನಾ?”

ಆಚೆ ಹೊಲದ ಚಿಕ್ಕಮಾದು ಬಂದು ಕತೆಯೊಳಗಿನ ಬೆಟ್ಟವನ್ನೇ ತೆಗೆಸಿದ. ಅದರ ನೆರಳಿಗೆ ಅವನ ಟೊಮೆಟೊ ಹಣ್ಣಾಗುವುದಿಲ್ಲವಂತೆ. ಸರೋವರ ನಾಲ್ಕು ಹೊಲ ಸುತ್ತಿ, ಯಾರಿಗೂ ಬೇಡವಾಗಿ ಬತ್ತಿತು. ಕೊನೆಗೆ ಉಳಿದದ್ದು ಕತೆಯ ಆಕಾಶದ ಎರಡು ಚಂದ್ರರು ಮಾತ್ರ.

“ಒಂದು ತಗಿ,” ಎಂದಳು ಮರಿತಾಯಮ್ಮ. “ತಿಂಗ್ಳಿಗೆ ಎಲ್ಡು ಅಮಾಸೆ ಬಂದ್ರೆ ಎಡೆ ಇಕ್ಕೋರ್ಯಾರು?”

ಅಷ್ಟು ಹೊತ್ತೂ ಮೊಬೈಲು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿತ್ತು. ರೇಗಿಹೋದ ಅಮೃತೇಶ್, ತಗೊಳ್ಳಿ ನಿಮ್ಮ ಪ್ರಕೃತಿ ವರ್ಣನೆ ಎಂದು ಅದನ್ನು ಹಾಗೆಯೇ ರಾಜೇಂದ್ರರಿಗೆ ಕಳಿಸಿ ಬಸ್ಸು ಹತ್ತಿದ.

ನಂಜನಗೂಡಿನಲ್ಲಿ ಇಳಿಯುವಷ್ಟರಲ್ಲಿ ಫೋನ್ ಬಂತು.

“ಅದ್ಭುತ ಕಣ್ರೀ! ಒಂದೊಂದು ಗುಡ್ಡಕ್ಕೂ ಒಬ್ಬ ವಾರಸುದಾರ! ಇಂಥ ವರ್ಣನೆ ನಾನೆಲ್ಲೂ ಕಂಡಿಲ್ಲ. ಮುಂದಿನ ತಿಂಗಳೇ ಅಚ್ಚಿಗೆ!”

ಅಮೃತೇಶ್ ಬಸ್‌ಸ್ಟ್ಯಾಂಡಿನಲ್ಲೇ ಅರ್ಧ ಅಡಿ ಬೆಳೆದ. ನಾಳೆ ಜಗನ್ನನ ಮುಖ ಹೇಗಿರುತ್ತದೆ ಎಂದು ನೆನೆದೇ ಹಸಿವು ಹಿಂಗಿತು.

“ಜಗನ್ ಕಾಡು ಚೆನ್ನಾಗಿದೆ, ಆದ್ರೆ ಅಲ್ಲೊಂದು ನರಪಿಳ್ಳೆ ಇಲ್ಲ,” ರಾಜೇಂದ್ರ ಮುಂದುವರಿಸಿದರು. “ನಿಮ್ಮ ಜನಾನೆಲ್ಲ ಅದರೊಳಗೆ ಬಿಟ್ರೆ ಆ ಪುಸ್ತಕ ಗೆದ್ದಂಗೆ. ಜಗನ್ನೂ ಇಲ್ಲೇ ಇದ್ದಾರೆ, ಕುಣೀತಿದ್ದಾರೆ. ಮುನ್ನುಡೀಲಿ ನಿಮ್ಮ ಹೆಸರು ಹಾಕಿ ಥ್ಯಾಂಕ್ಸ್ ಹೇಳಿಸ್ತೀನಿ, ದಪ್ಪ ಅಕ್ಷರದಲ್ಲಿ. ಆಯ್ತಾ?”

“ಬೇಡ ಸಾರ್,” ಎಂದ ಅಮೃತೇಶ್. “ಮರಿತಾಯಮ್ಮನ್ನ ಅವನಿಗೆ ಕೊಡಲ್ಲ.”