ಇಲ್ಲದ ಹುಣಸೆಮರದ ಎಡಕ್ಕೆ

ತಾನು ಎಲ್ಲಿದ್ದೇನೆ ಎಂಬುದಾದರೂ ಮನುಷ್ಯನಿಗೆ ಗೊತ್ತಿರುತ್ತದೆ ಎಂದು ನಾನು ಅರವತ್ತು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಹುಣಸೂರಿನ ಪಾರ್ಸೆಲ್ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ. ನಿವೃತ್ತನಾದವನು ದಿನವಿಡೀ ಒಬ್ಬನೇ ಮನೆಯಲ್ಲಿ ಕೂತರೆ ಗೋಡೆಯ ಗಡಿಯಾರದ ಜೊತೆ ಮಾತಾಡತೊಡಗುತ್ತಾನೆ. ಆ ಹಂತಕ್ಕೆ ಬಂದಿದ್ದರಿಂದಲೇ ಸೇರಿಕೊಂಡೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಜನ ಬರೆದ ವಿಳಾಸವನ್ನು ಕಂಪ್ಯೂಟರಿಗೆ ಕೊಟ್ಟರೆ, ಅದು ವಿಳಾಸವನ್ನು ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿಗಳನ್ನಾಗಿ ಮಾಡಿ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಇಡುತ್ತದೆ. ಚುಕ್ಕಿ ಸರಿಯಾದ ಮನೆಯ ಮೇಲೆ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಮೊದಲ ವಾರವೇ ನಾನು ಆ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿ, ಪಿರಿಯಾಪಟ್ಟಣದ ಒಂದು ಕುಕ್ಕರನ್ನು ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಕಳಿಸಿದ್ದೆ. ಪುಣ್ಯಕ್ಕೆ ನಕ್ಷೆಯ ಮೇಲೆ ಮಾತ್ರ.

ಕಂಪ್ಯೂಟರಿನದೂ ನನ್ನದೂ ಒಂದೇ ಗುಣ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ಇಬ್ಬರಿಗೂ ಇಲ್ಲ. ಮನೆ ಸಿಗದಿದ್ದರೆ ಅದು ತನಗೆ ತೋಚಿದಲ್ಲಿ ಚುಕ್ಕಿ ಇಟ್ಟು ಸುಮ್ಮನಾಗುತ್ತದೆ. ಹುಣಸೂರಿನವರಾದರೆ ಊರಾಚೆಯ ಒಂದು ಹೊಗೆಸೊಪ್ಪಿನ ಹೊಲ. ಬೀಚನಹಳ್ಳಿಯವರಾದರೆ ಇನ್ನೂ ಮೇಲು. ಪಾರ್ಸೆಲ್ ಹಂಚುವ ಮಹದೇವ ಒಮ್ಮೆ ಅಲ್ಲಿಂದ ಫೋನ್ ಮಾಡಿದ. ನಲವತ್ತು ದಾಟಿದ, ಕೋಪವೇ ಬಾರದ ಮನುಷ್ಯ.

"ಸಾ, ನೀವ್ ಆಕಿರೋ ಚುಕ್ಕಿ ಡ್ಯಾಮ್ ನೀರೊಳಗೈತೆ ಕಣ್ ಸಾ. ಮಿಕ್ಸಿ ತಲೆ ಮ್ಯಾಲ್ ಇಟ್ಕಂಡು ಈಜ್ಲಾ?"

ನಮ್ಮ ಜನ ವಿಳಾಸ ಬರೆಯುವ ರೀತಿಯೂ ಹಾಗೆಯೇ ಇದೆ. ಮನೆ ನಂಬರು, ಅಡ್ಡರಸ್ತೆ ಇವೆಲ್ಲ ಅವರಿಗೆ ಬೇಡ. ಇರುವ ಗುರುತನ್ನು ಹೇಳಿದರೂ ಆದೀತು, ಅದನ್ನೂ ಹೇಳುವುದಿಲ್ಲ. ಎಂದೋ ಮುಚ್ಚಿಹೋದ ಸಿನಿಮಾ ಟೆಂಟು, ನಿಂತುಹೋದ ಅಕ್ಕಿ ಗಿರಣಿ, ತೀರಿಹೋದ ಕಾಂಪೌಂಡರ್, ಇವರ ಎಡಕ್ಕೋ ಬಲಕ್ಕೋ ಇಡೀ ಊರು ನಿಂತಿರುತ್ತದೆ. ಬೆಟ್ಟದಪುರದ ಒಬ್ಬ ಅಜ್ಜಿ 'ಹುಣಸೆಮರದ ಎಡಕ್ಕೆ' ಎಂದು ಬರೆಸಿದ್ದರು. ಮಹದೇವ ಬಿಸಿಲಲ್ಲಿ ಮೂರು ಸುತ್ತು ಹೊಡೆದರೂ ಮರ ಕಾಣಲಿಲ್ಲ. ನಾನೇ ಅಜ್ಜಿಗೆ ಫೋನ್ ಮಾಡಿದೆ.

"ಅದ್ನ ರಸ್ತೆ ಅಗ್ಲ ಮಾಡೋವಾಗ ಕಡ್ದಾಕ್ಬುಟ್ರು ಕಣಪ್ಪ. ಎಂಟೊರ್ಸಾಯ್ತು," ಎಂದರು.

"ಮತ್ತೆ ಮರದ ಹತ್ತಿರ ಅಂತ ಯಾಕೆ ಬರೆಸಿದ್ರಿ ಅಜ್ಜಿ?"

"ಮರ ಓಯ್ತು, ಜಾಗ ಎಲ್ಲೋದದು ಬುಡು ಮಗ."

ನಾನು ಫೋನಿಟ್ಟು ನಕ್ಕೆ. ನಕ್ಕಿದ್ದಲ್ಲದೆ ಮೇಲಿನವರಿಗೂ ತಿಳಿಸಿದೆ. ಅವರು ಕೂಡಲೇ ಒಂದು ಪಟ್ಟಿ ಕಳಿಸಿ, ಈಗ ಇಲ್ಲದ ಗುರುತುಗಳನ್ನೆಲ್ಲ ಅಳಿಸಿಹಾಕಿ ಎಂದರು. ಪ್ರತಿ ಗುರುತಿನ ಮುಂದೆ 'ಈಗಲೂ ಇದೆಯೇ?' ಎಂಬ ಪ್ರಶ್ನೆ. ನಾನು ಮೈಮೇಲೆ ಬಂದವನಂತೆ 'ಇಲ್ಲ' ಒತ್ತುತ್ತಾ ಹೋದೆ. ಟೆಂಟು ಹೋಯಿತು, ಗಿರಣಿ ಹೋಯಿತು, ಕಾಂಪೌಂಡರ್ ಎರಡನೇ ಸಲ ತೀರಿಹೋದರು. ಹುಣಸೆಮರವನ್ನು ಇನ್ನೊಮ್ಮೆ ನಾನು ಕಡಿದೆ.

ಹುಣಸೂರಿನ ಪಟ್ಟಿಯ ನಡುವೆ ಒಂದು ಸಾಲು ಬಂತು: 'ಜಯ ಟೀಚರ್ ಮನೆ. ಈಗಲೂ ಇದೆಯೇ?'

ಜಯ ನನ್ನ ಹೆಂಡತಿ. ಅವಳು ಹೋಗಿ ಎರಡು ವರ್ಷವಾಯಿತು.

ನಮ್ಮ ಬೀದಿಯ ಅರ್ಧ ಜನಕ್ಕೆ ಅವಳೇ ಅಕ್ಷರ ತಿದ್ದಿಸಿದವಳು. ಹಾಗಾಗಿ ಆ ಮನೆಗೆ ಬೇರೆ ಹೆಸರೇ ಹುಟ್ಟಲಿಲ್ಲ. ಮೂವತ್ತು ವರ್ಷ ಕಂತು ಕಟ್ಟಿದವನು ನಾನು, ಮನೆ ಮಾತ್ರ ಟೀಚರದ್ದು. ನನ್ನನ್ನು ಹಾಲಿನವನಿಂದ ಹಿಡಿದು ಕ್ಷೌರದಂಗಡಿಯವನವರೆಗೆ ಎಲ್ಲರೂ ಕರೆಯುತ್ತಿದ್ದದ್ದು 'ಟೀಚರ್ ಯಜಮಾನ್ರು' ಎಂದೇ. ಒಮ್ಮೆ ಸಿಟ್ಟು ಬಂದು 'ಎಂ. ಪುಟ್ಟರಾಜು' ಎಂದು ಕಲ್ಲಿನಲ್ಲಿ ಕೆತ್ತಿಸಿ ಗೇಟಿನ ಪಕ್ಕ ನೆಡಿಸಿದೆ. ಹಾಲಿನವನು ಮರುದಿನದಿಂದ ಪ್ಯಾಕೆಟ್ಟನ್ನು ಅದರ ಮೇಲೆ ಇಟ್ಟುಹೋಗತೊಡಗಿದ. "ನೋಡ್ರೀ, ನಿಮ್ ಹೆಸ್ರು ಎಷ್ಟು ಉಪಯೋಗಕ್ಕೆ ಬಂತು," ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆ ನಗು ಕೇಳಲು ಈಗ ಇನ್ನೊಂದು ಕಲ್ಲು ಕೆತ್ತಿಸಲೂ ನಾನು ತಯಾರಿದ್ದೇನೆ.

ನಿಯಮ ಎಲ್ಲರಿಗೂ ಒಂದೇ ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಅವಳ ಹೆಸರು ಅಳಿಸುವ ಮುಂಚೆ ಪರೀಕ್ಷೆಗೆಂದು ನನ್ನ ಹೆಸರು, ಮನೆ ನಂಬರು, ಬೀದಿ ಎಲ್ಲವನ್ನೂ ಶಿಸ್ತಾಗಿ ಬರೆದು ಹುಡುಕಿಸಿದೆ. ಕಂಪ್ಯೂಟರು ಸ್ವಲ್ಪ ಹೊತ್ತು ತಿಣುಕಿ, ನನ್ನನ್ನು ಒಯ್ದು ಆ ಹೊಗೆಸೊಪ್ಪಿನ ಹೊಲದಲ್ಲಿ ನಿಲ್ಲಿಸಿತು. ಅಲ್ಲಿ ಒಬ್ಬನೇ ನಿಂತಿದ್ದ ಚುಕ್ಕಿಯನ್ನು ನೋಡಿದೆ. ಎರಡು ವರ್ಷದಿಂದ ನಾನು ಇದ್ದದ್ದೂ ಹೆಚ್ಚುಕಡಿಮೆ ಅಲ್ಲೇ.

ಎಲ್ಲ ಅಳಿಸಿ 'ಜಯ ಟೀಚರ್ ಮನೆ' ಎಂದಷ್ಟೇ ಬರೆದೆ. ಚುಕ್ಕಿ ಒಂದು ಕ್ಷಣವೂ ತಡಮಾಡದೆ ಬಂದು ನಮ್ಮ ಜಗಲಿಯ ಮೇಲೆ ಕೂತಿತು. ಶಾಲೆಗೆಂದು ಅವಳು ತರಿಸುತ್ತಿದ್ದ ಬಣ್ಣದ ಕಾಗದ, ಸೀಮೆಸುಣ್ಣದ ಡಬ್ಬಿಗಳನ್ನು ಮಹದೇವ ತಂದುಕೊಡುತ್ತಿದ್ದನಲ್ಲ, ಆಗಿನಿಂದ ಅದು ದಾರಿ ಕಲಿತಿತ್ತು. ಸಂಜೆ ಐದರ ಹೊತ್ತಿಗೆ ಅವಳು ಕೂರುತ್ತಿದ್ದ ಜಾಗವೇ ಅದು. ಅಷ್ಟರಲ್ಲಿ ಮಹದೇವನೇ ಫೋನ್ ಮಾಡಿದ. ನಾನು ತರಿಸಿದ್ದ ಕನ್ನಡಕ ಬಂದಿತ್ತಂತೆ.

"ನಮ್ಮನೆ ಅಡ್ರೆಸ್ ಎಲ್ಲಿದೆ ಅಂತ ಕಂಪ್ಯೂಟರಲ್ಲಿ ನೋಡ್ಲೇನಪ್ಪಾ?" ಎಂದೆ.

"ಅದ್ಯಾಕ್ ಬುಡಿ ಸಾ. ಟೀಚರ್ ಮನೆ ತಾನೆ? ಇಟ್ಬುಟ್ ಬತ್ತೀನಿ."

ಪಟ್ಟಿಯಲ್ಲಿ ಮೊದಲು ಬೆಟ್ಟದಪುರಕ್ಕೆ ಹೋಗಿ ಅಜ್ಜಿಯ ಹುಣಸೆಮರವನ್ನು ಮತ್ತೆ ನೆಟ್ಟೆ. ಟೆಂಟು, ಗಿರಣಿ ಮರಳಿ ಬಂದವು, ಕಾಂಪೌಂಡರೂ ಎದ್ದು ಬಂದರು. ಕೊನೆಗೆ ನಮ್ಮ ಸಾಲಿಗೆ ಬಂದು, 'ಈಗಲೂ ಇದೆಯೇ?' ಎಂಬುದಕ್ಕೆ 'ಹೌದು' ಒತ್ತಿದೆ. ಕಂಪ್ಯೂಟರು ಅಷ್ಟಕ್ಕೆ ಬಿಡಲಿಲ್ಲ. ಪರಿಶೀಲಿಸಿದವರ ಹೆಸರು ಬರೆಯಿರಿ ಎಂದು ಖಾಲಿ ಜಾಗವೊಂದನ್ನು ಮುಂದಿಟ್ಟಿತು. 'ಎಂ.' ಎಂದು ಬರೆದವನು ನಿಲ್ಲಿಸಿ, ಅದನ್ನು ಅಳಿಸಿ, ನನ್ನನ್ನು ಹುಡುಕಬೇಕಾದವರಿಗೆ ಅನುಕೂಲವಾಗಲೆಂದು ಬಿಡಿಸಿ ಬರೆದೆ: ಟೀಚರ್ ಯಜಮಾನ್ರು.