ಹೆಣ್ಣು ನೋಡಲು ಹೊರಟ ಮೀನುಗಾಡಿ

ಗ್ಯಾರೇಜು ಇಟ್ಟವ ತಮಾಷೆ ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಅದೇ ಬಂದು ಎದುರಿಗೆ ನಿಲ್ಲುತ್ತದೆ. ಹೊನ್ನಾವರದ ನನ್ನ ಗ್ಯಾರೇಜಿಗೆ ಅದು ಬರುವುದು ಹೆಚ್ಚಾಗಿ ಒಂದು ಹಳೇ ಪಿಕಪ್ಪಿನಲ್ಲಿ. ಅದರ ಯಜಮಾನ ಭಟ್ಕಳ ಬಂದರದಿಂದ ಮೀನು ತಂದು ಊರೂರು ಮಾರುವವ. ಒಳ್ಳೇ ಹುಡುಗ. ಪಾಪ, ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ನೋಡಲು ಹೋದಲ್ಲೆಲ್ಲ ಮೊದಲು ಗಾಡಿ ಕಾಣುತ್ತಿತ್ತು, ಆಮೇಲೆ ಅವ.

ಉಪ್ಪಿನ ಉಪಚಾರ

ಒಮ್ಮೆ ಬಂದವನೇ, "ಅಣ್ಣಾ, ದಿನಾ ತೊಳೀತೆ ನಾನು. ಆದ್ರೂ ತುಕ್ಕು ಹಿಡೀತದೆ, ಇದೆಂತ ಶಾಪ?" ಅಂದ. ಬಗ್ಗಿ ನೋಡಿದೆ. ತಳದ ತಗಡು ಹಪ್ಪಳ ಆಗಿತ್ತು.

"ಎಲ್ಲಿ ತೊಳೂದು?"

"ಬಂದರದ ಹತ್ರ, ಹೊಳೇಲಿ."

"ಅಯ್ಯೋ ಮಾರಾಯಾ, ಅಲ್ಲಿ ಸಮುದ್ರದ ನೀರು ಒಳಗೆ ಬರ್ತದೆ! ಬರೀ ಉಪ್ಪು!"

ಅವನಿಗೆ ನನ್ನ ಮೇಲೇ ಕನಿಕರ. "ಉಪ್ಪು ಹಾಕಿದ ಮೀನೇ ಕೆಡೂದಿಲ್ಲ ಅಣ್ಣಾ. ಗಾಡಿ ಹೆಂಗೆ ಕೆಡ್ತದೆ?"

ಬ್ರೇಕಿನ ಕೂಗು

ಅವನ ಗಾಡಿಯ ಹಾರ್ನು ಸತ್ತು ಬಹಳ ಕಾಲವಾಗಿತ್ತು. ಬ್ರೇಕು ಒತ್ತಿದರೆ ಮಾತ್ರ ಊರಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ನಾನು ಬ್ರೇಕಿಗೆ ಹೊಸ ಲೈನರ್ ಹಾಕಿ, ಹೊಸ ಹಾರ್ನೂ ಕೂರಿಸಿ ಕಳಿಸಿದೆ. ಮಾರನೇ ದಿನ ಐಸಿನ ಪೆಟ್ಟಿಗೆಯಲ್ಲಿ ಬಂಗಡೆ ಹಾಗೇ ಇಟ್ಟುಕೊಂಡು ಬಂದು ನಿಂತ. ಮುಖ ಊದಿತ್ತು.

"ಎಂತ ಆತು?"

"ಎಂತ ಆಗೂದು! ಕರ್ಕಿಯ ಹೆಂಗಸರು ಆ ಬ್ರೇಕಿನ ಕೂಗು ಕೇಳಿಯೇ ಪಾತ್ರೆ ಹಿಡ್ಕಂಡು ಬರೂದು. ಇವತ್ತು ಒಬ್ಳೂ ಇಲ್ಲ."

"ಹಾರ್ನ್ ಹೊಡೀಬೇಕಿತ್ತಪ್ಪ."

"ಹೊಡ್ದೆ. ಎಲ್ರೂ ಖಾಲಿ ಗ್ಯಾಸ್ ಸಿಲಿಂಡರ್ ಹೊತ್ಕಂಡು ಬಂದ್ರು!"

ಮಿರ್ಜಾನದ ಸವಾರಿ

ಅಂತೂ ಮಿರ್ಜಾನದಲ್ಲೊಂದು ಹೆಣ್ಣಿರುವುದು ಗೊತ್ತಾಯಿತು. "ಗಾಡಿ ಕೈಕೊಟ್ರೆ ಇದೂ ತಪ್ಪಿಹೋಗ್ತದೆ, ನೀನೂ ಬಾ" ಎಂದು ಅವನ ಅಮ್ಮ ನನ್ನನ್ನೂ ಹತ್ತಿಸಿದರು. ಬಾಡಿಗೆ ಕಾರು ಮಾಡೋ ಅಂದರೆ, "ನಂಗೆ ಅನ್ನ ಹಾಕೂ ಗಾಡಿ ನೋಡಿಯೇ ಒಪ್ಲಿ" ಎಂದು ಅವನ ಹಠ. ಸೋಪು ಹಾಕಿ ಉಜ್ಜಿ, ಊದಿನಕಡ್ಡಿ ಹಚ್ಚಿ ಹೊರಟೆವು. ಕುಮಟಾ ದಾಟುವವರೆಗೂ ತಕರಾರಿಲ್ಲ. ಹೆಣ್ಣಿನ ಮನೆ ಅಂಗಳದಲ್ಲಿ ನಿಂತದ್ದೇ ತಡ, ರೇಡಿಯೇಟರಿನಿಂದ ನೀರು ಸೋರತೊಡಗಿತು. ಜಗಲಿಯ ಮೇಲೆ ಹುಡುಗಿಯ ಅಪ್ಪ, ಅಜ್ಜಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾರೆ. ಇವನ ಮುಖ ಬಿಳಚಿತು.

"ಅಣ್ಣಾ, ಎಂತಾದ್ರೂ ಮಾಡು. ಫೋಟೋ ನೋಡಿದಾಗ್ಲಿಂದ ನಂಗೆ ಈ ಹುಡುಗಿಯೇ ಆಗ್ಬೇಕು."

ಸಣ್ಣ ತೂತಿಗೆ ಗ್ಯಾರೇಜಿನವರ ಮದ್ದು ಅರಿಶಿಣ ಪುಡಿ. ನೀರಿನ ಜೊತೆ ಹೋಗಿ ತೂತಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ತಣಿಯಲು ಬಿಟ್ಟು, ಅಜ್ಜಿಯ ಹತ್ತಿರ ಅರಿಶಿಣ ಕೇಳಿದೆ. ಅವರು ಡಬ್ಬಿಯನ್ನೇ ತಂದು ಇವನ ಕೈಗಿಟ್ಟರು. ಒಂದು ಚಮಚೆ ಸಾಕು ಅಂದರೂ ಕೇಳದೆ ಇವ ಅಷ್ಟನ್ನೂ ರೇಡಿಯೇಟರಿಗೆ ಸುರಿದ. ನಾನು ಸ್ಟೀರಿಂಗ್ ಹಿಡಿದು ಕೂತು ಗಾಡಿ ಚಾಲೂ ಮಾಡಿದೆ. ಮುಚ್ಚಳ ಹಾಕದೆಯೇ, "ರೇಸ್ ಕೊಡು ಅಣ್ಣಾ!" ಎಂದು ಕೂಗಿದ. ಕೊಟ್ಟೆ. ಒಳಗಿದ್ದ ನೀರೆಲ್ಲ ಬುಸ್ಸನೆ ಎದ್ದು ಅವನ ಮೇಲೆ ಬಂತು. ಬಿಳಿ ಶರ್ಟು, ಮೀಸೆ, ಕಿವಿ, ಎಲ್ಲ ಹಳದಿ.

ಅವನ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಮುಗೀತು ಕತೆ ಅಂದುಕೊಂಡೆ ನಾನು. ಅಷ್ಟರಲ್ಲಿ ಚಹಾ ಹಿಡಿದು ಬಾಗಿಲಿಗೆ ಬಂದ ಹುಡುಗಿ ಇವನನ್ನು ಮೇಲಿಂದ ಕೆಳಗೆ ನೋಡಿ, ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಇವ್ರಿಗೆ ಅರಿಶಿಣ ಹಚ್ಚೂ ಶಾಸ್ತ್ರ ನಮ್ಮನೆ ಅಂಗಳದಲ್ಲೇ ಆತು. ಇನ್ನು ಬೇಡ ಅಂದ್ರೆ ಚಂದ ಕಾಣ್ತದ್ಯಾ? ಭಟ್ಟರ ಹತ್ರ ಮುಹೂರ್ತ ಕೇಳು."